ಆಕ್ಸಿಜನ್ ಇಲ್ಲದ ವಾರ

"ನಿಮ್ಮ ಕೊಳವೆ ತಿಂತಾ ಇದೆ, ಮೇಡಂ."

ಗಾಜಿನವಳು ಬರ್ನರಿನ ಉರಿ ತಗ್ಗಿಸಿ ತಲೆ ಎತ್ತಿದಳು. ಸಂಶೋಧನಾ ಸಂಸ್ಥೆಯ ಗಾಜಿನ ವರ್ಕ್‌ಶಾಪಿನ ಬಾಗಿಲಲ್ಲಿ ಉದ್ದನೆಯ ಮನುಷ್ಯನೊಬ್ಬ ನಿಂತಿದ್ದ. ಈಚೆಗಷ್ಟೇ ಅವಳು ಊದಿ ಮಾಡಿಕೊಟ್ಟಿದ್ದ ಗಾಜಿನ ಕೊಳವೆಯನ್ನು, ಜ್ವರ ಬಂದ ಮಗುವನ್ನು ಡಾಕ್ಟರ ಹತ್ತಿರ ತಂದವನ ಹಾಗೆ, ಎದೆಗೆ ಅವಚಿಕೊಂಡಿದ್ದ.

"ಏನು ತಿಂತಾ ಇದೆ?"

"ರ‍್ಯಾಡಿಕಲ್‌ಗಳನ್ನ."

"ನನ್ನ ಗಾಜು ಏನನ್ನೂ ತಿನ್ನಲ್ಲ," ಎಂದಳು ಗಾಜಿನವಳು. "ಈ ಬೆಂಚಿನ ಮೇಲೆ ಮೊದಲು ನಮ್ಮಪ್ಪ ಕೂತಿದ್ರು, ಈಗ ನಾನು ಕೂತಿದೀನಿ. ಒಡೀತು ಅಂತ ಬಂದೋರಿದ್ದಾರೆ, ಸೋರ್ತಿದೆ ಅಂತ ಬಂದೋರಿದ್ದಾರೆ. ತಿಂತಿದೆ ಅಂತ ಬಂದೋರು ನೀವೇ ಮೊದಲು."

"ತಪ್ಪು ತಿಳ್ಕೋಬೇಡಿ." ಅವನು ಕೊಳವೆಯನ್ನು ಇನ್ನಷ್ಟು ಅವಚಿಕೊಂಡ. "ಗಾಜು ಅಂದ್ಮೇಲೆ ಎಲ್ಲಾನೂ ತಿನ್ನುತ್ತೆ. ನಿಮ್ಮದಕ್ಕೆ... ಸ್ವಲ್ಪ ಹಸಿವು ಜಾಸ್ತಿ."

ಗಾಜಿನವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಈ ಮನುಷ್ಯನ ಮುಖದಲ್ಲಿ ಜಗಳದ ಕಳೆಯೇ ಇರಲಿಲ್ಲ. ಅವಳ ಗಾಜಿನ ಹಸಿವಿನ ಬಗ್ಗೆ ಅವನಿಗೆ ನಿಜವಾಗಿ ಮರುಕವಿದ್ದಂತಿತ್ತು.

"ಮೊದಲು ಅದನ್ನ ಮೇಜಿನ ಮೇಲೆ ಇಡಿ. ನೀವು ಹಿಡಿದಿರೋದು ನೋಡಿದ್ರೆ ನನಗೆ ಭಯ ಆಗುತ್ತೆ," ಎಂದಳು. "ಕೂತ್ಕೊಂಡು ಹೇಳಿ. ರ‍್ಯಾಡಿಕಲ್ ಅಂದ್ರೆ ಯಾರು?"

ಅವನು ಕೂತ. ಕೂರುವುದಕ್ಕೂ ಅವನಿಗೆ ಸಾಕಷ್ಟು ಹೊತ್ತು ಬೇಕಾಯಿತು.

ಅವನ ಕೆಲಸ ಇಷ್ಟು: ಕೊಳವೆಯೊಳಗೆ ಒಂದು ಅನಿಲ ಹರಿಯುತ್ತಿರುತ್ತದೆ. ಅದರ ಮೇಲೆ ಲೇಸರಿನ ಬೆಳಕು ಫಳ್ ಎಂದು ಬಿದ್ದರೆ ಅನಿಲದ ಅಣುಗಳು ಮುರಿಯುತ್ತವೆ. ಮುರಿದ ತುಂಡೇ ರ‍್ಯಾಡಿಕಲ್. ಒಂದು ಕಾರ್ಬನ್, ಅದರ ಮೈಮೇಲೆ ಒಂದೆರಡು ಕ್ಲೋರಿನ್ನೋ ಬ್ರೋಮಿನ್ನೋ.

"ಮುಖ್ಯ ಏನು ಅಂದ್ರೆ, ಅದರದ್ದು ಒಂದು ಕೈ ಖಾಲಿ," ಎಂದು ಅವನು ತನ್ನ ಕೈಯನ್ನೇ ಚಾಚಿ ತೋರಿಸಿದ. "ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತ ಚಡಪಡಿಸ್ತಾ ಇರುತ್ತೆ. ಆಕ್ಸಿಜನ್ ಸಿಕ್ಕಿದ್ರೆ ಹಿಡ್ಕೊಂಡುಬಿಡುತ್ತೆ. ಎಷ್ಟು ಬೇಗ ಹಿಡ್ಕೊಳ್ಳುತ್ತೆ ಅಂತ ಅಳೆಯೋದು ನನ್ನ ಕೆಲಸ. ಬೆಂಕಿ ಆರಿಸೋ ಅನಿಲಗಳನ್ನ ಮಾಡೋರಿಗೆಲ್ಲ ಈ ಲೆಕ್ಕ ಬೇಕು."

"ಎಷ್ಟು ಬೇಗ ಹಿಡ್ಕೊಳ್ಳುತ್ತೆ?"

"ಕಣ್ಣು... ಮಿಟುಕಿಸೋದರೊಳಗೆ... ಎಲ್ಲಾ ಮುಗಿದಿರುತ್ತೆ."

ಈ ಒಂದು ವಾಕ್ಯ ಮುಗಿಯುವುದರೊಳಗೆ ಗಾಜಿನವಳು ಹಲವು ಸಲ ಕಣ್ಣು ಮಿಟುಕಿಸಿದ್ದಳು.

"ಸರಿ, ನನ್ನ ಕೊಳವೆ ಮಾಡಿದ ಪಾಪ ಏನು?"

"ಕೆಲವು ರ‍್ಯಾಡಿಕಲ್ ಆಕ್ಸಿಜನ್ ಸಿಗೋಕೆ ಮುಂಚೆನೇ ಗಾಜಿನ ಗೋಡೆಗೆ ಬಡಿದು ಅಲ್ಲೇ ಅಂಟ್ಕೊಂಡುಬಿಡ್ತವೆ. ಗೋಡೆ ತಿಂದಿದ್ದನ್ನೂ ಆಕ್ಸಿಜನ್ ತಲೆಗೆ ಕಟ್ಟಿದ್ರೆ ಅನ್ಯಾಯ ಅಲ್ವಾ? ಅದಕ್ಕೆ ಮೊದಲು ಆಕ್ಸಿಜನ್ ಬಿಡದೇನೇ ನೋಡ್ತೀವಿ. ಬ್ಲ್ಯಾಂಕ್ ಅಂತೀವಿ ಅದನ್ನ. ಆಮೇಲೆ ಆಕ್ಸಿಜನ್ ಬಿಟ್ಟು ನೋಡ್ತೀವಿ. ಎರಡರ ನಡುವಿನ ವ್ಯತ್ಯಾಸ ಇದೆಯಲ್ಲ, ಅದು ಮಾತ್ರ ಆಕ್ಸಿಜನ್ ಮಾಡಿದ್ದು."

ಗಾಜಿನವಳಿಗೆ ಈ ನ್ಯಾಯ ಬಹಳ ಹಿಡಿಸಿತು. ಮನೆಯಲ್ಲಿ ಸಕ್ಕರೆ ಡಬ್ಬಿ ಬೇಗ ಖಾಲಿಯಾದಾಗಲೆಲ್ಲ ಎಲ್ಲರೂ ಅಪ್ಪನ ಮೇಲೆ ಗೂಬೆ ಕೂರಿಸುತ್ತಿದ್ದರು. ಅಣ್ಣ ಕೆಲಸದ ಮೇಲೆ ಪರ ಊರಿಗೆ ಹೋದಾಗ ಡಬ್ಬಿ ತುಂಬಿಯೇ ಇರುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಬ್ಲ್ಯಾಂಕ್ ತೆಗೆದಿದ್ದರೆ ಅಪ್ಪ ಎಂದೋ ನಿರಪರಾಧಿಯಾಗುತ್ತಿದ್ದ.

"ಏನು ಮಾಡ್ಬೇಕು ಹೇಳಿ," ಎಂದಳು.

"ಒಳಗೆ ಮೇಣ ಹಚ್ಚಬೇಕು. ಮೇಣದ ಮೇಲೆ ರ‍್ಯಾಡಿಕಲ್ ಜಾರಿ ಹೋಗ್ತವೆ. ನಾನು ಹಚ್ಚಿದ್ದೆ." ಅವನು ಕೊಳವೆಯ ನಡುವೆ ಬೆರಳಿಟ್ಟು ತೋರಿಸಿದ. "ಒಂದೇ ಕಡೆ ಗಡ್ಡೆ ಕಟ್ಕೊಂಡ್ಬಿಡ್ತು."

ಮೇಣ ಹಚ್ಚುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕರಗಿಸಿದ ಮೇಣವನ್ನು ಕೊಳವೆಯೊಳಗೆ ಸುರಿದು, ಅದು ಆರುವವರೆಗೆ ಎರಡು ತುದಿಯಲ್ಲಿ ಇಬ್ಬರು ಹಿಡಿದು ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಅವನು ಆ ತುದಿ ಹಿಡಿದ, ಇವಳು ಈ ತುದಿ.

"ಸ್ವಲ್ಪ ಬೇಗ ತಿರುಗ್ಸಿ ಸಾರ್."

"ನಿಮ್ಮ ಬೇಗ ನನಗೆ ಓಟ, ಮೇಡಂ."

"ನಿಮ್ಮ ಓಟ ನನಗೆ ನಿದ್ದೆ."

ಅವನು ನಕ್ಕ. ನಗು ತುಟಿಯಲ್ಲಿ ಹುಟ್ಟಿ, ಕೆನ್ನೆಗೆ ಹೋಗಿ, ಕಣ್ಣು ಮುಟ್ಟುವ ಹೊತ್ತಿಗೆ ಇವಳು ಕೊಳವೆಯನ್ನು ಒಂದು ಸುತ್ತು ತಿರುಗಿಸಿ ಮುಗಿಸಿದ್ದಳು. ಆಮೇಲೆ ಯಾರು ಯಾರ ವೇಗಕ್ಕೆ ಬಂದರೋ, ಇಬ್ಬರ ಬೆರಳುಗಳೂ ಒಂದೇ ಲಯಕ್ಕೆ ಕೂತವು. ಗಾಜು ನಡುವೆ ಮೆಲ್ಲಗೆ ಉರುಳುತ್ತಿತ್ತು.

ಮೇಣ ಆರಿದ ಮೇಲೆ ಗಾಜಿನವಳು ಒಳಗೆಲ್ಲ ಸಮವಾಗಿ ಕೂತಿದೆಯೇ ನೋಡಲು ಕೊಳವೆಯ ತುದಿಗೆ ಕಣ್ಣು ಹಚ್ಚಿದಳು. ಆ ತುದಿಯಲ್ಲಿ ಆಗಲೇ ಒಂದು ಕಣ್ಣಿತ್ತು. ಕಂದು ಬಣ್ಣದ್ದು. ದೊಡ್ಡದು. ರೆಪ್ಪೆಯನ್ನೇ ಬಡಿಯದ್ದು.

"ಸಮ ಇದೆಯಾ?" ಎಂದಳು.

"ಹೂಂ."

"ಏನು ನೋಡ್ತಿದ್ದೀರಿ?"

"ಮೇಣ."

"ನಾನೂ ಮೇಣನೇ ನೋಡ್ತಿದ್ದೀನಿ," ಎಂದಳು ಗಾಜಿನವಳು. ಇಬ್ಬರೂ ಮೇಣವನ್ನು ಅಗತ್ಯಕ್ಕಿಂತ ಬಹಳ ಹೊತ್ತು ನೋಡಿದರು.

ಎದುರಿನ ಸ್ಟೋರ್ಸ್ ಕಿಟಕಿಯಿಂದ ಇದೆಲ್ಲವನ್ನೂ ಇನ್ನೊಂದು ಜೊತೆ ಕಣ್ಣು ನೋಡುತ್ತಿತ್ತು. ಅದು ಗಾಜಿನವಳ ಅತ್ತಿಗೆಯದು.

*

ಅತ್ತಿಗೆ ಅದೇ ಸಂಸ್ಥೆಯ ಸ್ಟೋರ್ಸಿನಲ್ಲಿ ಅನಿಲದ ಸಿಲಿಂಡರುಗಳನ್ನು ಕೊಟ್ಟು ತೆಗೆದುಕೊಳ್ಳುವ ಕೆಲಸದಲ್ಲಿದ್ದಳು. ಅವಳ ಕಿಟಕಿಗೂ ಗಾಜಿನ ವರ್ಕ್‌ಶಾಪಿನ ಬಾಗಿಲಿಗೂ ನಡುವೆ ಒಂದು ಓಣಿಯಷ್ಟೇ ಅಂತರ. ಆ ಬಾಗಿಲೊಳಗೆ ಯಾರು ಹೋದರು, ನಗುತ್ತ ಹೊರಬಂದರೋ ಗಂಟು ಮುಖದಲ್ಲೋ, ಎಲ್ಲವೂ ಅವಳಿಗೆ ಗೊತ್ತು.

"ಕೊಳವೆ ಸಾರ್ ಇವತ್ತೂ ಬಂದಿದ್ರಲ್ಲ?" ಎಂದಳು ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುತ್ತ. ಆ ಹೆಸರು ಅವಳೇ ಇಟ್ಟದ್ದು. ಅಷ್ಟು ಹೊತ್ತಿಗೆ ಇಡೀ ಕಟ್ಟಡದಲ್ಲಿ ಅದೇ ಚಲಾವಣೆಯಲ್ಲಿತ್ತು.

"ಒಂದು ಗಾಜಿನ ನಲ್ಲಿ ಬಿಗಿಯಾಗಿತ್ತಂತೆ."

"ನಿನ್ನೆ?"

"ಸಡಿಲ ಆಗಿತ್ತಂತೆ."

"ಮೊನ್ನೆ ಒಂದು ಕವಲು ಕೊಳವೆ ಮುರಿದಿತ್ತಲ್ಲ, ಅದು ಎಲ್ಲಿ ಮುರೀತು ಗೊತ್ತಾ? ನಿನ್ನ ಬಾಗಿಲಿನ ಹೊರಗೆ, ನನ್ನ ಕಣ್ಣೆದುರಿಗೆ. ಚೆನ್ನಾಗೇ ಇದ್ದಿದ್ದನ್ನ ತಂದ್ರು, ಬಾಗಿಲ ಚೌಕಟ್ಟಿಗೆ ತಾಗ್ಸಿದ್ರು, ಒಳಗೆ ಬಂದ್ರು."

"ಬೇಕು ಅಂತ ಮಾಡಿರಲ್ಲ ಅತ್ತಿಗೆ. ಅವರ ಕೈಕಾಲು ಉದ್ದ."

"ಹೌದೌದು, ಕೈಕಾಲು ಮಾತ್ರ ಉದ್ದ. ಮಾತು ನೋಡಿದ್ರೆ ಇನ್ನೂ ಗಂಟಲಲ್ಲೇ ಇದೆ."

ಅದು ನಿಜವೇ. ಕೊಳವೆ ಸಾರ್ ದಿನವೂ ಬರುತ್ತಿದ್ದ, ಕೂರುತ್ತಿದ್ದ, ರ‍್ಯಾಡಿಕಲ್‌ಗಳ ಯೋಗಕ್ಷೇಮ ಹೇಳುತ್ತಿದ್ದ. "ನಿಮ್ಮ ಕೊಳವೆ ಈಗ ಉಪವಾಸ ಇದೆ, ಏನೂ ತಿಂತಿಲ್ಲ," ಎಂದು ಒಂದು ದಿನ ಮುಖವರಳಿಸಿಕೊಂಡು ಬಂದಿದ್ದ. ಅಷ್ಟೇ. ಅದರಾಚೆಗಿನ ಮಾತು ಅವನ ಕಣ್ಣಲ್ಲಿ ಕಾಣುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಒಮ್ಮೆ ಅವನು ಹೇಳಿದ್ದ: "ರ‍್ಯಾಡಿಕಲ್ ಮೇಲೆ ಕ್ಲೋರಿನ್ ಹೆಚ್ಚಾದ ಹಾಗೆ ಆಕ್ಸಿಜನ್ ಜೊತೆ ಸೇರೋದು ನಿಧಾನ ಆಗುತ್ತೆ."

ಗಾಜಿನವಳು ಉರಿಯಲ್ಲಿ ಗಾಜು ತಿರುಗಿಸುತ್ತ, ಅವನ ಕಡೆ ನೋಡದೆ ಕೇಳಿದ್ದಳು: "ನಿಮ್ಮ ಮೇಲೆ ಎಷ್ಟು ಕ್ಲೋರಿನ್ ಇದೆ ಸಾರ್?"

ಅವನ ಕಿವಿ ಕೆಂಪಾಗಿತ್ತು. ಗಾಜಿನವಳು ಉರಿಯ ಹಳದಿ ಪ್ರಖರತೆ ಕಣ್ಣಿಗೆ ಹೊಡೆಯದಿರಲೆಂದು ಹಾಕುವ ನೇರಳೆ ಕನ್ನಡಕದಲ್ಲಿ ಎಲ್ಲ ಬಣ್ಣವೂ ಒಂದಿಷ್ಟು ಸುಳ್ಳು ಹೇಳುತ್ತದೆ. ನಿಜವಾಗಿ ಕೆಂಪಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಅವಳು ಕನ್ನಡಕ ತೆಗೆದು ನೋಡಿದ್ದಳು. ಆಗ ಅವನು ಅವಳ ಬರಿಗಣ್ಣನ್ನು ನೋಡಿದ. ಕಿವಿಯಲ್ಲಿದ್ದ ಕೆಂಪು ಕತ್ತಿಗೂ ಇಳಿಯಿತು.

"ಬಿಸಿ ಮಾಡಿದ್ರೆ ಬೇಗ ಸೇರ್ತವಾ?" ಎಂದು ಕೇಳಿದಳು, ಅವನನ್ನು ಆ ಕಷ್ಟದಿಂದ ಪಾರುಮಾಡಲು.

"ಇಲ್ಲ! ಅದೇ ವಿಚಿತ್ರ." ಕೆಲಸದ ಮಾತು ಬಂದದ್ದೇ ಅವನಿಗೆ ಜೀವ ಬಂತು. "ಎಲ್ಲರೂ ಹಾಗೇ ಅಂದ್ಕೋತಾರೆ. ಆದ್ರೆ ಇದರಲ್ಲಿ ಬಿಸಿ ಮಾಡಿದಷ್ಟೂ ನಿಧಾನ. ಕೂಡಿದ್ದೂ ಬಿಸಿಗೆ ಬಿಟ್ಟುಹೋಗುತ್ತೆ. ತಣ್ಣಗಿಟ್ಟರೆ ತಾವಾಗೇ ಬೇಗ ಸೇರ್ತವೆ."

ಗಾಜು ಬಿಸಿಯಾದರೆ ಬಗ್ಗುತ್ತದೆ, ಕೂಡುತ್ತದೆ. ತಣ್ಣಗಾದರೆ ಹಟ ಹಿಡಿಯುತ್ತದೆ. ಹುಟ್ಟಿದಾರಭ್ಯ ಗಾಜು ನೋಡಿದವಳಿಗೆ ಈ ಮಾತು ನಂಬಲು ಕಷ್ಟವಾಯಿತು.

*

ಕನ್ನಡಕದಂಗಡಿಯವನ ವಿಷಯ ತಂದದ್ದು ಅಣ್ಣ. ಅಣ್ಣನ ಸ್ನೇಹಿತ, ಮೂಲೆಯಂಗಡಿಯ ಮಾಲೀಕ, ಒಳ್ಳೆಯವನು, ಅಪ್ಪನ ಕನ್ನಡಕದ ಕಡ್ಡಿ ಮುರಿದಾಗಲೆಲ್ಲ ನಗುನಗುತ್ತ ಸರಿಮಾಡಿಕೊಟ್ಟವನು. "ನಿನ್ನನ್ನ ಮದುವೆ ಆಗೋಕೆ ಅವನಿಗೆ ಇಷ್ಟ ಇದೆಯಂತೆ. ಅವನದೂ ಗಾಜಿನ ಕಸುಬೇ," ಎಂದಿದ್ದ ಅಣ್ಣ, ಇನ್ನೇನು ಬೇಕು ಎನ್ನುವ ಧಾಟಿಯಲ್ಲಿ.

ಅವನು ಒಂದು ಸಂಜೆ ಮನೆಗೆ ಬಂದ. ಕಾಫಿ ಕುಡಿದ. ಗಾಜಿನವಳ ಮುಖವನ್ನು ತದೇಕಚಿತ್ತದಿಂದ ನೋಡಿದ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಳು.

"ನಿಮ್ಮ ಎಡಗಣ್ಣಿಗೆ ದೂರದ್ದು ಸ್ವಲ್ಪ ಮಂಜು ಅನ್ಸುತ್ತೆ," ಎಂದ.

ಆಮೇಲೆ ಗಾಜಿನವಳು ಬಾಗಿಲವರೆಗೆ ಬಿಡಲು ಬಂದಾಗ ದನಿ ತಗ್ಗಿಸಿ ಹೇಳಿದ: "ನೋಡಿ, ನಿಮ್ಮ ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ರೆ ಹೇಳಿಬಿಡಿ. ನನಗೆ ಬೇಜಾರಿಲ್ಲ. ಒಮ್ಮೆ ಫ್ರೇಮಿಗೆ ಕೂರಿಸಿದ ಮೇಲೆ ನಮ್ಮಂಗಡಿಯಲ್ಲಿ ವಾಪಸ್ ತಗೊಳ್ಳಲ್ಲ."

ಗಾಜಿನವಳಿಗೆ ನಗು ಬಂತು. ಒಳ್ಳೆಯ ಮನುಷ್ಯ. ಇವನನ್ನು ಬೇಡ ಅನ್ನಲು ಅವಳ ಬಳಿ ಕಾರಣವೇ ಇರಲಿಲ್ಲ. ಇದ್ದದ್ದು ಒಂದು ಕಂದು ಕಣ್ಣು, ಅದೂ ಕೊಳವೆಯ ಆ ತುದಿಯಲ್ಲಿ. ಅದು ನೋಡುತ್ತಿದ್ದದ್ದು ಮೇಣವನ್ನೋ ತನ್ನನ್ನೋ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ಬರೋ ವಾರ ಬಿಟ್ಟು ಅದರ ಮುಂದಿನ ಭಾನುವಾರ ಹೇಳ್ತೀನಿ," ಎಂದಳು.

ಅವನು ಹೋದ ಮೇಲೆ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಆ ಕೊಳವೆ ಸಾರ್‌ಗೋಸ್ಕರ ಕಾಯ್ತಿದ್ದೀಯಾ?"

"ಗೊತ್ತಿಲ್ಲ ಅತ್ತಿಗೆ. ಅವರು ಬರೋದು ಗಾಜಿಗೋ ನನಗೋ ಅಂತ ಗೊತ್ತಾದ್ರೆ ಸಾಕು."

"ಕೇಳ್ಬಿಡು."

"ಕೇಳಿದ್ರೆ ಉತ್ತರ ಬರೋಕೆ ಮಳೆಗಾಲ ಕಳೀಬೇಕು." ಗಾಜಿನವಳು ಯೋಚಿಸಿದಳು. ಸಕ್ಕರೆ ಡಬ್ಬಿ ನೆನಪಾಯಿತು. ಅವಳ ಮುಖ ಅರಳಿತು. "ಅತ್ತಿಗೆ, ಬ್ಲ್ಯಾಂಕ್ ತೆಗೆಯೋಣ!"

ಉಪಾಯ ಸರಳವಾಗಿತ್ತು. ಅವಳು ಒಂದು ವಾರ ರಜೆ ಹಾಕುವುದು. ಬೆಂಚಿನ ಮೇಲೆ ಅಪ್ಪ ಕೂರುವುದು; ನಿವೃತ್ತನಾಗಿದ್ದರೂ ಅಪ್ಪನ ಕೈ ಇನ್ನೂ ಪಳಗಿದ ಕೈ, ಗಾಜಿನ ಕೆಲಸ ನಿಲ್ಲುವುದಿಲ್ಲ. ಅತ್ತಿಗೆ ಕಿಟಕಿಯಿಂದ ನೋಡುತ್ತಿರುವುದು. ಇವಳಿಲ್ಲದಿದ್ದರೂ ಕೊಳವೆ ಸಾರ್ ಮೊದಲಿನ ಹಾಗೆ ಬರುತ್ತಿದ್ದರೆ ಅವನು ಬರುವುದು ಗಾಜಿಗೆ. ಬರುವುದು ನಿಂತರೆ?

"ನಿಂತರೆ ನಿನಗೆ," ಎಂದಳು ಅತ್ತಿಗೆ, ಕಣ್ಣರಳಿಸಿ. "ಎಲಾ! ನೀನು ಇಷ್ಟು ಬುದ್ಧಿವಂತೆ ಅಂತ ನಿಮ್ಮಣ್ಣ ಹೇಳಿರಲೇ ಇಲ್ಲ."

*

ಪ್ರಯೋಗದಲ್ಲಿ ಅಳೆಯಲ್ಪಡುವುದು ಕೊಳವೆ ಸಾರ್ ಒಬ್ಬನೇ ಎಂದುಕೊಂಡಿದ್ದಳು ಗಾಜಿನವಳು. ರಜೆಯ ಮೊದಲ ದಿನವೇ ಗೊತ್ತಾಯಿತು, ಹಾಗಲ್ಲ ಎಂದು.

ಎಲ್ಲಿ ಕೂತರೂ ಕೈ ತನ್ನಷ್ಟಕ್ಕೆ ಏನನ್ನೋ ತಿರುಗಿಸುತ್ತಿತ್ತು: ಪೆನ್ನು, ಚಮಚ, ಎಣ್ಣೆಯ ಬಾಟಲಿ. ತಿರುಗಿಸುವ ವೇಗವೂ ಅವಳದಲ್ಲ. ನಿಧಾನದ್ದು. ಬೀದಿಯಲ್ಲಿ ಉದ್ದ ಕಾಲಿನವರು ಯಾರು ಹೋದರೂ ಕಿಟಕಿಗೆ ಬಂದು ನೋಡುತ್ತಿದ್ದಳು. ಪಕ್ಕದ ಮನೆಯವರು ಅವಳಿಗೆ ಹುಷಾರಿಲ್ಲವೆಂದು ತಿಳಿದು ಕಿತ್ತಳೆ ಹಣ್ಣು ತಂದುಕೊಟ್ಟರು.

ಸಂಜೆ ಅಪ್ಪ ಮನೆಗೆ ಬಂದ ಕೂಡಲೇ ಕೇಳುವಳು: "ಯಾರಾದ್ರೂ ಬಂದಿದ್ರಾ ಅಪ್ಪ?"

"ಯಾರೋ ಒಬ್ಬರು ಫ್ಲಾಸ್ಕ್ ರಿಪೇರಿಗೆ ಬಂದಿದ್ರು."

"ಉದ್ದ ಇದ್ರಾ?"

"ಗಿಡ್ಡ. ಯಾಕೆ ಪುಟ್ಟಿ?"

"ಸುಮ್ನೆ."

ಮರುದಿನವೂ ಉದ್ದನೆಯವರು ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಬೆಂಚಿನ ಮೇಲೆ ಒಳ್ಳೇ ನಿದ್ದೆ ಬಂತು," ಎಂದು ಅಪ್ಪ ತೃಪ್ತಿಯಿಂದ ವರದಿ ಒಪ್ಪಿಸಿದ. ಶನಿವಾರ ಅತ್ತಿಗೆ ಚಪ್ಪಲಿ ಬಿಡುವ ಮೊದಲೇ ಕೂಗಿದಳು: "ಒಂದು ದಿನವೂ ಬರಲಿಲ್ಲ! ವಾರಪೂರ್ತಿ ನಿನ್ನ ಬಾಗಿಲ ಕಡೆ ತಲೆ ಹಾಕ್ಲಿಲ್ಲ! ನಿನಗೇ ಕಣೇ ಅವನು ಬರ್ತಿದ್ದಿದ್ದು, ನಿನಗೇ!"

ಆ ದಿನ ಸಕ್ಕರೆ ಡಬ್ಬಿ ಯಾರು ಖಾಲಿ ಮಾಡಿದರೂ ಗಾಜಿನವಳು ಕೇಳುತ್ತಿರಲಿಲ್ಲ. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸೋಮವಾರ ಬೆಳಗ್ಗೆ ಕಾಲು ನೆಲಕ್ಕೆ ಬಂತು.

ಅತ್ತಿಗೆ ವರ್ಕ್‌ಶಾಪಿಗೆ ಬಂದವಳು ಬಾಗಿಲಲ್ಲೇ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು. ಅತ್ತಿಗೆ ಮಾತಿಗೆ ತಡಕಾಡಿದ್ದನ್ನು ಗಾಜಿನವಳು ಅದುವರೆಗೆ ನೋಡಿರಲಿಲ್ಲ.

"ಒಂದು ವಿಷಯ. ಈಗ ತಾನೇ ಸಿಲಿಂಡರ್ ಹೊರೋರು ಹೇಳಿದ್ರು. ಹೋದ ವಾರ ಕೊಳವೆ ಸಾರ್ ಲ್ಯಾಬಿಗೆ ಬೀಗ ಹಾಕಿತ್ತಂತೆ."

"ಬೀಗವಾ?"

"ಅವರೂ ರಜೆ ಅಂತೆ. ಊರಲ್ಲೇ ಇರಲಿಲ್ಲವಂತೆ."

ಗಾಜಿನವಳ ಕೈಯಲ್ಲಿದ್ದ ಬಿಸಿ ಗಾಜು ತನ್ನಷ್ಟಕ್ಕೆ ಜೋತುಬಿತ್ತು.

"ಅತ್ತಿಗೆ! ವಾರಪೂರ್ತಿ ನೋಡಿದ್ದು ಏನನ್ನ?"

"ನಿನ್ನ ಬಾಗಿಲು ನೋಡು ಅಂದೆ, ನೋಡಿದೆ," ಎಂದಳು ಅತ್ತಿಗೆ, ತಪ್ಪನ್ನು ಸಿಟ್ಟಿನಲ್ಲಿ ಮುಚ್ಚುತ್ತ. "ಅವರ ಬಾಗಿಲನ್ನೂ ನೋಡು ಅಂದಿದ್ಯಾ? ಊರಲ್ಲಿ ಇಲ್ಲದ ಮನುಷ್ಯ ನಿನಗೋಸ್ಕರ ಬರ್ಲಿಲ್ಲವೋ, ಗಾಜಿಗೋಸ್ಕರ ಬರ್ಲಿಲ್ಲವೋ ನನಗೆ ಹೇಗಮ್ಮ ಗೊತ್ತಾಗ್ಬೇಕು?"

ಆಕ್ಸಿಜನ್ ಇಲ್ಲದೆ ಅಳೆದದ್ದು ಸರಿ. ರ‍್ಯಾಡಿಕಲ್ ಕೂಡ ಕೊಳವೆಯಲ್ಲಿರಲಿಲ್ಲ. ಖಾಲಿ ಕೊಳವೆಯನ್ನು ಒಂದು ವಾರ ಅಳೆದಿದ್ದರು. ಕನ್ನಡಕದಂಗಡಿಯವನಿಗೆ ಉತ್ತರ ಹೇಳಬೇಕಾದ ಭಾನುವಾರ ಎದುರಿಗೆ ಬಂದು ಕೂತಿತ್ತು.

ಗಾಜಿನವಳು ಬರ್ನರ್ ಆರಿಸಿ, ಕಣ್ಣಿನ ನೇರಳೆ ಕನ್ನಡಕ ತೆಗೆಯುವುದನ್ನೂ ಮರೆತು, ಮೆಟ್ಟಿಲು ಹತ್ತಿದಳು.

*

ಕೊಳವೆ ಸಾರ್ ಲ್ಯಾಬಿಗೆ ಅವಳು ಬಂದದ್ದು ಅದೇ ಮೊದಲು. ಪಂಪುಗಳು ಹಿಟ್ಟಿನ ಗಿರಣಿಯ ಹಾಗೆ ಬಡಿದುಕೊಳ್ಳುತ್ತಿದ್ದವು. ನಡುವೆ, ಸುತ್ತಲೂ ತಂತಿ, ನಲ್ಲಿ, ಮೀಟರುಗಳ ಉಪಚಾರ ಮಾಡಿಸಿಕೊಳ್ಳುತ್ತ, ಅವಳ ಕೊಳವೆ ದೊಡ್ಡ ಮನೆಯ ರೋಗಿಯಂತೆ ಮಲಗಿತ್ತು. ಅದರ ಪಕ್ಕದಲ್ಲಿ ಕೊಳವೆ ಸಾರ್ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಒಂದು ಜೋಡಣೆ ಬಿಗಿಮಾಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ತಲೆ ಮೇಲಿನ ಪೈಪಿಗೆ ಬಡಿಯಿತು.

"ಎಲ್ಲಿ ಹೋಗಿದ್ರಿ?" ಎಂದು ಕೂಗಿದಳು. ಪಂಪುಗಳ ಮುಂದೆ ಕೂಗದೆ ಗತಿ ಇರಲಿಲ್ಲ.

"ನಾನು... ಅದು..."

"ಹೇಳಿ ಹೋಗ್ಬಾರ್ದಾ?"

"ಹೇಳ್ಬೇಕಿತ್ತು... ಹೇಳಿದ್ರೆ..."

"ಹೇಳಿದ್ರೆ ಏನು? ದಿನಾ ಬರೋಕೆ ಗೊತ್ತು, ಬರಲ್ಲ ಅಂತ ಹೇಳೋಕೆ ಗೊತ್ತಿಲ್ವಾ? ಬಾಗಿಲಿಗೆ ಬಡಿದು ಕೊಳವೆ ಮುರ್ಕೊಂಡು ಬರೋಕೆ ಗೊತ್ತು, ಬಾಯಿಬಿಟ್ಟು ಒಂದು ಮಾತು ಆಡೋಕೆ ಏನು ಕಷ್ಟ?"

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅವಳು ದನಿ ಏರಿಸಿದಷ್ಟೂ ಅವನ ಮಾತುಗಳ ನಡುವಿನ ಅಂತರ ಹೆಚ್ಚಾಯಿತು. ಕೊನೆಗೆ "ನಾ" ಎಂಬ ಒಂದಕ್ಷರದ ಮೇಲೆ ಬಂಡಿ ನಿಂತೇಬಿಟ್ಟಿತು.

ಆಗ ಗಾಜಿನವಳಿಗೆ ಹೊಳೆಯಿತು. ಬಿಸಿ ಮಾಡಿದಷ್ಟೂ ನಿಧಾನ.

ಇಷ್ಟು ದಿನ ಅವಳು ಈ ಮನುಷ್ಯನನ್ನು ಗಾಜು ಎಂದುಕೊಂಡು ಉರಿ ಜೋರು ಮಾಡುತ್ತಿದ್ದಳು. ಇವನು ಗಾಜಿನ ಜಾತಿಯೇ ಅಲ್ಲ.

ಒಂದು ಸ್ಟೂಲು ಎಳೆದುಕೊಂಡು ಅವನ ಹತ್ತಿರವೇ ಕೂತಳು, ಕೂಗದಿದ್ದರೂ ಕೇಳುವಷ್ಟು ಹತ್ತಿರ. ನೇರಳೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಏನನ್ನೂ ಕೇಳಲಿಲ್ಲ. ತನ್ನ ಕೊಳವೆಯ ಪಕ್ಕೆಯಲ್ಲಿ, ಅನಿಲ ಅಳೆಯಲೆಂದು ತಾನೇ ಕೊರೆದಿದ್ದ ಸೂಜಿಮೊನೆಯ ತೂತನ್ನು, ಅದೇ ಕೆಲಸಕ್ಕೆ ಬಂದವಳ ಹಾಗೆ, ತಣ್ಣಗೆ ನೋಡುತ್ತ ಕೂತಳು.

ಪಂಪು ಬಡಿದುಕೊಳ್ಳುತ್ತಿತ್ತು. ಅವನೂ ಕೂತ.

"ಅಕ್ಕನ ಮನೆಗೆ ಹೋಗಿದ್ದೆ," ಎಂದ.

ಅವಳು ತಲೆಯಾಡಿಸಿದಳು.

"ಬ್ಲ್ಯಾಂಕ್ ತೆಗೆಯೋಕೆ."

ಗಾಜಿನವಳು ಮೆಲ್ಲಗೆ ಅವನ ಕಡೆ ತಿರುಗಿದಳು. ತುಟಿ ಬಿಗಿಹಿಡಿದಳು. ಈಗ ಒಂದು ಮಾತು ಆಡಿದರೂ ಕೆಡುತ್ತದೆ.

"ನಿಮ್ಮ ವರ್ಕ್‌ಶಾಪಿಗೆ ದಿನಾ ಬರ್ತೀನಲ್ಲ. ಅದು ಅಭ್ಯಾಸವೋ, ಕೆಲಸವೋ, ಇಲ್ಲಾ ನೀವೋ ಅಂತ ನನಗೇ ಗೊತ್ತಾಗ್ಲಿಲ್ಲ. ನೀವಿಲ್ಲದ ಕಡೆ ಹೋಗಿ ಕೂತು ನೋಡೋಣ, ನಿಮ್ಮ ನೆನಪು ಎಷ್ಟು ಬೇಗ ಇಳಿಯುತ್ತೆ ಅಂತ..." ಅವನು ಗ್ರೀಸಿನ ಬೆರಳಿಂದ ಗಾಳಿಯಲ್ಲಿ ಒಂದು ಗೆರೆ ಎಳೆದ. "ನಮ್ಮ ಕೆಲಸದಲ್ಲಿ ಗ್ರಾಫಿನ ಎಲ್ಲಾ ಗೆರೆನೂ ಇಳಿಯುತ್ತೆ ಮೇಡಂ. ಆಕ್ಸಿಜನ್ ಇದ್ರೆ ಬೇಗ, ಇಲ್ದಿದ್ರೆ ನಿಧಾನವಾಗಿ. ಆದ್ರೆ ಇಳಿದೇ ಇಳಿಯುತ್ತೆ. ಇದು ಇಳೀಲೇ ಇಲ್ಲ. ಹೋದ ದಿನ ಎಷ್ಟಿತ್ತೋ ಬಂದ ದಿನವೂ ಅಷ್ಟೇ. ನೆಟ್ಟಗೆ. ಅಂಥ ಗೆರೆ ನಾನು ಯಾವತ್ತೂ ನೋಡಿಲ್ಲ. ಏನೋ ಕೆಟ್ಟುಹೋಗಿದೆ ಅಂದ್ಕೊಂಡೆ."

"ಆಮೇಲೆ?" ಗಾಜಿನವಳ ದನಿ ಅವಳಿಗೇ ಕೇಳಿಸಲಿಲ್ಲ.

"ಅಕ್ಕನ ಹತ್ರ ಹೇಳ್ದೆ. ಅಕ್ಕ ತಲೆ ಮೇಲೆ ಒಂದು ಮೊಟಕಿದಳು. 'ಏನೂ ಕೆಟ್ಟಿಲ್ಲ ಕಣೋ ಪೆದ್ದ, ಎದ್ದು ಹೋಗಿ ಅವಳ ಹತ್ರ ಹೇಳು' ಅಂದಳು."

ಗಾಜಿನವಳಿಗೆ ಮೊದಲು ಕಣ್ಣು ತುಂಬಿತು. ಆಮೇಲೆ ಎಲ್ಲಿಂದಲೋ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಗಾಬರಿಯಾಗಿ ನೋಡುತ್ತಿದ್ದ. ನಗು ನಿಂತ ಮೇಲೆ ಅವಳು ಎಲ್ಲವನ್ನೂ ಹೇಳಿದಳು: ರಜೆ, ಬೆಂಚಿನ ಮೇಲೆ ನಿದ್ದೆ ಮಾಡಿದ ಅಪ್ಪ, ತಪ್ಪು ಬಾಗಿಲನ್ನು ವಾರವಿಡೀ ಕಾದ ಅತ್ತಿಗೆ.

ಅವನು ಬಹಳ ಗಂಭೀರವಾಗಿ ಯೋಚಿಸಿದ. "ಹಾಗಾದ್ರೆ ನಿಮ್ಮ ಪ್ರಯೋಗ ಪೂರ್ತಿ ಹಾಳು."

"ಪೂರ್ತಿ ಹಾಳು. ನಿಮ್ಮದು?"

"ನನ್ನದು ಸರಿಯಾಗಿದೆ. ನೀವು ಮನೆಯಲ್ಲಿದ್ರೂ, ವರ್ಕ್‌ಶಾಪಲ್ಲಿದ್ರೂ, ನನ್ನ ಹತ್ರ ಇರಲಿಲ್ಲ. ನನಗೆ ಬೇಕಿದ್ದಿದ್ದು ಅಷ್ಟೇ."

"ಒಂದೇ ಸಲ ಅಳೆದಿದ್ದನ್ನ ನಂಬಬಾರ್ದು, ಮತ್ತೆ ಮತ್ತೆ ಅಳೀಬೇಕು ಅಂತ ನೀವೇ ಹೇಳ್ತಿದ್ರಿ ಸಾರ್." ಅವಳು ಓರೆಗಣ್ಣಲ್ಲಿ ನೋಡಿದಳು. "ಇನ್ನೊಂದು ವಾರ ಹೋಗಿ ಬರ್ತೀರಾ?"

"ಹೋಗಲ್ಲ. ಇನ್ನೊಂದು ಸಲ ನನ್ನ ಕೈಲಾಗಲ್ಲ. ನನ್ನನ್ನ ಮದುವೆ ಆಗ್ತೀರಾ?"

ಒಂದೇ ಉಸಿರಿನಲ್ಲಿ ಬಂತು. ನಡುವೆ ಒಂದು ಉಗುರು ತೂರಿಸುವಷ್ಟೂ ಜಾಗವಿರಲಿಲ್ಲ. ಹೇಳಿ ಮುಗಿಸಿದ ಮೇಲೆ, ಇಷ್ಟು ವೇಗ ತನ್ನದೇನಾ ಎಂದು ಅವನೇ ಬೆರಗಾಗಿ ಕೂತ.

ಗಾಜಿನವಳು ಅವನ ಖಾಲಿ ಕೈ ಹಿಡಿದುಕೊಂಡಳು.

"ಗ್ರೀಸ್ ಇದೆ," ಎಂದು ಅವನು ಮೆಲ್ಲಗೆ ಎಚ್ಚರಿಸಿದ. "ಇದು ಸೋಪು ಹಾಕಿದ್ರೂ ಹೋಗಲ್ಲ."

"ಗೊತ್ತು," ಎಂದಳು, ಬಿಡಲಿಲ್ಲ.

ಗಾಜಿನವಳು ಸ್ಟೋರ್ಸಿನ ಕಿಟಕಿ ದಾಟುವಾಗ ಅತ್ತಿಗೆ ನಾದಿನಿಯ ಮುಂಗೈ ಮೇಲೆ ಒತ್ತಿಕೂತಿದ್ದ ಐದು ಕಪ್ಪು ಬೆರಳಚ್ಚನ್ನು ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಸೀಮೆಎಣ್ಣೆಯ ಬಟ್ಟೆ ತಂದು ಕೊಟ್ಟಳು. ಗಾಜಿನವಳು ಒರೆಸಿಕೊಳ್ಳದೆ ಮುಂದೆ ಹೋದಾಗ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕಿಟಕಿ ಬಾಗಿಲು ಧಡಾರನೆ ಹಾಕಿ, ಒಳಗೆ ಒಬ್ಬಳೇ ಸಿಲಿಂಡರುಗಳ ನಡುವೆ ಕುಣಿದಳು.

*

ಭಾನುವಾರ ಗಾಜಿನವಳು ತಾನೇ ಮೂಲೆಯಂಗಡಿಗೆ ಹೋಗಿ ವಿಷಯ ಹೇಳಿದಳು. ಕನ್ನಡಕದಂಗಡಿಯವನು ಕೈಲಿದ್ದ ಫ್ರೇಮನ್ನು ಒರೆಸುತ್ತಲೇ ಕೇಳಿಸಿಕೊಂಡ. ಒರೆಸುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು. ಆಮೇಲೆ ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ.

"ದಿನಾ ನಿಮ್ಮೆದುರು ಬಂದು ಕೂತು, ಇಷ್ಟು ದಿನ ಏನೂ ಹೇಳ್ಲಿಲ್ಲ ಅಂದ್ರಾ?"

"ಹೌದು."

"ಅವರಿಗೆ ಕನ್ನಡಕ ಇದೆಯಾ?"

"ಇಲ್ಲ."

"ಕರ್ಕೊಂಡು ಬನ್ನಿ," ಎಂದ. "ಎದುರಿಗಿರೋದು ಕಾಣೋಕೆ ಇಷ್ಟು ದಿನ ಬೇಕಾದ್ರೆ ಕಣ್ಣು ಪರೀಕ್ಷೆ ಮಾಡಿಸಲೇಬೇಕು. ದುಡ್ಡು ಬೇಡ. ಮದುವೆಗೆ ನನ್ನ ಕಡೆಯಿಂದ."

ಅದೇ ಸಂಜೆ ಕೊಳವೆ ಸಾರ್ ಅಂಗಡಿಯ ಕುರ್ಚಿಯ ಮೇಲೆ ಕೂತು ಗೋಡೆಯ ಮೇಲಿನ ಅಕ್ಷರ ಓದತೊಡಗಿದ. ಒಂದೊಂದು ಅಕ್ಷರವನ್ನೂ ನೋಡಿದ, ಯೋಚಿಸಿದ, ಖಾತ್ರಿ ಮಾಡಿಕೊಂಡ, ಮತ್ತೊಮ್ಮೆ ನೋಡಿದ, ಆಮೇಲೆ ಹೇಳಿದ. ಹೇಳಿದ್ದೆಲ್ಲ ಸರಿಯಾಗಿತ್ತು. ಪಕ್ಕದ ಅಂಗಡಿಗಳ ದೀಪ ಒಂದೊಂದಾಗಿ ಆರಿದವು. ಕನ್ನಡಕದಂಗಡಿಯವನು ತಲೆಯ ಮೇಲೆ ಕೈ ಹೊತ್ತು, ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಾಜಿನವಳ ಕಡೆ ದಯನೀಯವಾಗಿ ನೋಡಿದ.

"ಸ್ವಲ್ಪ ಬೇಗ ಓದೋಕೆ ನೀವಾದ್ರೂ ಹೇಳಿ."

ಗಾಜಿನವಳು ಕಾಲು ಮೇಲೆ ಕಾಲು ಹಾಕಿ ಆರಾಮವಾಗಿ ಒರಗಿ ಕೂತಳು. ಮುಂಗೈಯ ಗ್ರೀಸಿನ ಕಲೆ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಬೇಡ," ಎಂದಳು. "ಬಿಸಿ ಮಾಡಿದ್ರೆ ಇನ್ನೂ ನಿಧಾನ."